ಹಸಿರು ಬಣ್ಣದ ಸೈಟು

ಎರಡು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನಲ್ಲಿ ರಿಲೀಸು, ಅದಾದ ಮೇಲೆ ಸೈಟು ಹುಡುಕುವ ಕೆಲಸ. ರಿಲೀಸು ಹೇಗೋ ಮುಗೀತು, ಸೈಟಿನ ಕತೆ ಮಾತ್ರ ಬೇರೆ ಕಡೆ ಹೋಯಿತು. ಅದನ್ನೇ ಹೇಳೋಣ ಅಂತ ಕೂತಿದ್ದೀನಿ.

ಅಪ್ಪ ಮೇಷ್ಟ್ರು. ನಿವೃತ್ತಿಯಾದಾಗ ಬಂದ ದುಡ್ಡನ್ನು ಬ್ಯಾಂಕಿನಲ್ಲಿಟ್ಟು, "ನಿನಗೆ ಬೆಂಗಳೂರಲ್ಲಿ ಒಂದು ಸೈಟು ಅಂತ ಆಗಿಬಿಟ್ಟರೆ ನನಗೆ ನಿದ್ದೆ ಬರುತ್ತೆ" ಅಂತ ವಾರಕ್ಕೊಮ್ಮೆ ಫೋನಿನಲ್ಲಿ ಹೇಳುತ್ತಿದ್ದರು. ನನಗೆ ಬಾಡಿಗೆ ಮನೆಯಲ್ಲೇ ಚೆನ್ನಾಗಿ ನಿದ್ದೆ ಬರುತ್ತಿತ್ತು, ಆದರೆ ಅದನ್ನು ಹೇಳುವ ಧೈರ್ಯ ಇರಲಿಲ್ಲ :)

ಬ್ರೋಕರ್ ತೋರಿಸಿದ್ದು ಮೂವತ್ತು-ನಲವತ್ತರ ಮೂಲೆ ಸೈಟು. ಹಳೇ ಲೇಔಟು, ಅಕ್ಕಪಕ್ಕದ ಬೀದಿಗಳಿಗಿಂತ ರೇಟು ಸಾಕಷ್ಟು ಕಮ್ಮಿ. ಯಾಕೆ ಕಮ್ಮಿ ಅಂತ ಕೇಳಿದ್ದಕ್ಕೆ, "ಓನರಿಗೆ ಅರ್ಜೆಂಟು ಸಾರ್" ಅಂದ. ಎರಡು ಬೇವಿನ ಮರ, ಒಂದು ಮುರುಕಲು ಸಿಮೆಂಟು ಬೆಂಚು. ಒಂದಷ್ಟು ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಅವರಲ್ಲೊಬ್ಬ ಹತ್ತಿರ ಬಂದು, "ಅಂಕಲ್, ಇಲ್ಲೂ ಮನೆ ಕಟ್ತೀರಾ?" ಅಂತ ಕೇಳಿದ. ಅಂಕಲ್ ಅಂದಿದ್ದಕ್ಕೇ ಬೇಜಾರಾಗಿ ಆ 'ಇಲ್ಲೂ' ಅನ್ನೋದನ್ನು ಗಮನಿಸಲೇ ಇಲ್ಲ. ಟೋಕನ್ ಅಂತ ಐವತ್ತು ಸಾವಿರ ಕೊಟ್ಟು ಬಂದೆ.

ರಾತ್ರಿ ಮಲಗಿದಾಗ ತಲೆಗೆ ಬಂದಿದ್ದು ಆ ಬೆಂಚು. ಖಾಸಗಿ ಸೈಟಿನಲ್ಲಿ ಯಾರಾದರೂ ಸಿಮೆಂಟು ಬೆಂಚು ಹಾಕ್ತಾರಾ?

ಮಾರನೇ ವಾರ ಲೇಔಟಿನ ಮೂಲ ನಕ್ಷೆ ಬೇಕು ಅಂತ ಆರ್‌ಟಿಐ ಅರ್ಜಿ ಹಾಕಿದೆ. ಶುಲ್ಕ ಹತ್ತು ರೂಪಾಯಿ. ಹಾಕಿದವರಿಗೆ ಗೊತ್ತಿರುತ್ತೆ, ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ 150 ಪದ ಮೀರುವ ಹಾಗಿಲ್ಲ, ಒಂದೇ ವಿಷಯ ಕೇಳಬೇಕು. ಕೋಡಿನಲ್ಲಿ ಅನಾವಶ್ಯಕ ಸಾಲು ಕಿತ್ತುಹಾಕಿ ಅಭ್ಯಾಸ ಇದ್ದಿದ್ದು ಉಪಯೋಗಕ್ಕೆ ಬಂತು. ಮೂವತ್ತು ದಿನದ ಗಡುವು ಮುಗಿಯುವುದಕ್ಕೆ ಮೂರು ದಿನ ಇರುವಾಗ ನಕ್ಷೆಯ ಪ್ರತಿ ಕೈಗೆ ಬಂತು.

ಇಂಥ ನಕ್ಷೆಯಲ್ಲಿ ಪಾರ್ಕಿಗೆ ಹಸಿರು ಬಣ್ಣ ಬಳಿದಿರುತ್ತಾರೆ. ನನ್ನದು ಕಪ್ಪು-ಬಿಳುಪು ಜೆರಾಕ್ಸು, ಆದರೂ ಒಳಗೆ ಅಕ್ಷರ ಇತ್ತಲ್ಲ: 'ಉದ್ಯಾನವನ'. ರಸ್ತೆ ಎಣಿಸಿದೆ, ತಿರುವು ಎಣಿಸಿದೆ. ಮೂಲೆ ಸೈಟು, ಅದರ ಪಕ್ಕದ ನಾಲ್ಕು ಸೈಟು, ಎಲ್ಲಾ ಅದರೊಳಗೇ. ಆ ನಾಲ್ಕರಲ್ಲಿ ಎರಡಕ್ಕೆ ಆಗಲೇ ಮನೆ ಎದ್ದಿದೆ, ಒಂದರ ಮುಂದೆ ತುಳಸಿಕಟ್ಟೆಯೂ ಇದೆ.

ಬ್ರೋಕರಿಗೆ ಫೋನ್ ಮಾಡಿದೆ. ಅವನಿಗೆ ಏನೂ ಆಶ್ಚರ್ಯವಾಗಲಿಲ್ಲ. "ಸಾರ್, ಬೆಂಗಳೂರಲ್ಲಿ ಯಾವ ಜಾಗ ಏನಾಗಿತ್ತು ಅಂತ ನೋಡ್ತಾ ಹೋದ್ರೆ ಮನೆ ಕಟ್ಟಕ್ಕಾಗಲ್ಲ. ಸಕ್ರಮ ಆಗುತ್ತೆ ಬಿಡಿ." ಅಕ್ರಮ-ಸಕ್ರಮಕ್ಕೆ ಸುಪ್ರೀಂ ಕೋರ್ಟು ತಡೆ ಕೊಟ್ಟಿದ್ದು 2017ರ ಜನವರಿಯಲ್ಲಿ. ಪಾರ್ಕಿನ ಜಾಗದಲ್ಲಿ ಕಟ್ಟಿದ್ದಂತೂ ಅದರ ವ್ಯಾಪ್ತಿಗೇ ಬರುವುದಿಲ್ಲ.

ಆದರೆ ಅವನ ಮೊದಲನೇ ಮಾತು ಸುಳ್ಳಲ್ಲ ನೋಡಿ. ನಾನು ಊರಿಂದ ಬಂದು ಇಳಿಯುವ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡು ಧರ್ಮಾಂಬುಧಿ ಕೆರೆ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ. ನನ್ನ ಟೀಮ್ ಲೀಡ್ ಇರುವ ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜು, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಅಂತ ಕಟ್ಟಿದ್ದು, ಅದೂ ಕೆರೆಯಂಗಳ. ಇಷ್ಟೆಲ್ಲಾ ನುಂಗಿದ ಊರಿನಲ್ಲಿ ಐದು ಸೈಟಿನ ಪಾರ್ಕು ಯಾವ ಲೆಕ್ಕ? ಎರಡು ರಾತ್ರಿ ಹೀಗೇ ಯೋಚಿಸಿದೆ. ಯೋಚನೆಯೇನು, ಲಾಭನಷ್ಟದ ಲೆಕ್ಕವನ್ನೇ ಹಾಕಿದೆ, ಎಕ್ಸೆಲ್ ಶೀಟಿನಲ್ಲಿ. ನಾಚಿಕೆಯಾಗುತ್ತೆ, ಆದರೂ ಇಲ್ಲಿ ಹೇಳಿಬಿಡ್ತೀನಿ.

ಆ ಹುಡುಕಾಟದಲ್ಲೇ ಸಿಕ್ಕಿದ್ದು ಸದಾಶಿವನಗರದ ಕೇಸು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಆಸ್ಪತ್ರೆ ಕಟ್ಟುವುದಕ್ಕೆ ಅಂತ ಒಂದು ಖಾಸಗಿ ಟ್ರಸ್ಟಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿಗೆ ಹೋಯಿತು. 1991ರಲ್ಲಿ ಅಲ್ಲೂ ನಿವಾಸಿಗಳ ಪರವಾಗಿಯೇ ತೀರ್ಪು: ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ಖಾಸಗಿಯವರಿಗೆ ಕೊಡುವ ಹಾಗಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ. ಅಲ್ಲಿ ಕಟ್ಟಹೊರಟಿದ್ದು ಆಸ್ಪತ್ರೆ! ಇಲ್ಲಿ ನನ್ನದು ಎರಡು ಬೆಡ್‌ರೂಮು, ಮೇಲೊಂದು ಬಾಡಿಗೆ ಮನೆ.

ಅಪ್ಪನಿಗೆ ಫೋನಿನಲ್ಲಿ ಹೇಳೋದು ಕಷ್ಟ ಅಂತ ಬರಹೇಳಿದೆ. ಭಾನುವಾರ ಬೆಳಿಗ್ಗೆ ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಅದು 2025ರ ಅಕ್ಟೋಬರ್. ಸುರಂಗ ರಸ್ತೆಗೆ ಲಾಲ್‌ಬಾಗಿನ ಆರು ಎಕರೆ ಬೇಕಂತೆ ಅನ್ನೋ ಸುದ್ದಿ ಆಗ ಎಲ್ಲರ ಬಾಯಲ್ಲೂ ಇತ್ತು. ಬಂಡೆ ಹತ್ತಿ ಕೂತೆವು. ಮುನ್ನೂರು ಕೋಟಿ ವರ್ಷ ಹಳೆಯ ಕಲ್ಲು ಅಂತ ಬರೆದಿರುವ ಬೋರ್ಡನ್ನು ಅಪ್ಪ ಮೇಷ್ಟ್ರ ಥರ ಎರಡು ಸಲ ಓದಿದರು.

ನಾನು ನಕ್ಷೆ ತೆಗೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಅಪ್ಪ ಏನಾದರೂ ಆದರ್ಶದ ಮಾತಾಡ್ತಾರೆ ಅಂತ ನೀವು ಅಂದುಕೊಂಡಿದ್ದರೆ, ನಾನೂ ಹಾಗೇ ಅಂದುಕೊಂಡಿದ್ದೆ. "ಆ ಎರಡು ಮನೆಯವರಿಗೆ ಯಾರೂ ಏನೂ ಮಾಡಿಲ್ಲವಲ್ಲೋ?" ಅಂದರು. ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಕೆಳಗೆ ವಾಕಿಂಗ್ ಮಾಡುವವರನ್ನು ನೋಡುತ್ತಾ, "ಇಷ್ಟು ಜನ ದಿನಾ ಬರ್ತಾರಾ?" ಅಂದರು. ಇಳಿಯುವಾಗ, "ನಿನ್ನಿಷ್ಟ. ಆದರೆ ಐವತ್ತು ಸಾವಿರ ವಾಪಸ್ ಕೇಳು" ಅಂದರು. ಅಷ್ಟೇ. ಆ ರಾತ್ರಿಯ ಬಸ್ಸಿಗೇ ಊರಿಗೆ ಹೋದರು. ಈಗ ಫೋನಿನಲ್ಲಿ ಸೈಟಿನ ಸುದ್ದಿ ಎತ್ತುವುದಿಲ್ಲ, ಅದೇ ನನಗೆ ಹೆಚ್ಚು ಕಷ್ಟ.

ಟೋಕನ್ ವಾಪಸ್ ಬಂದಿಲ್ಲ. ಬ್ರೋಕರ್ ಫೋನ್ ಎತ್ತುತ್ತಿಲ್ಲ.

ಇನ್ನೊಂದು ವಿಷಯ ಉಳಿದಿದೆ. ಕೊಳ್ಳದೇ ಇರುವುದು ಸುಲಭ, ದೂರು ಕೊಡುವುದು ಹಾಗಲ್ಲ. ದೂರು ಕೊಟ್ಟರೆ ಖಾಲಿ ಇರುವ ಮೂರು ಸೈಟು ಉಳಿಯಬಹುದು. ತುಳಸಿಕಟ್ಟೆಯ ಮನೆಗೂ ನೋಟೀಸು ಹೋಗುತ್ತೆ. ಅವರೂ ನನ್ನ ಹಾಗೆ ಯಾರದೋ ಮಾತು ಕೇಳಿ, ಯಾರದೋ ನಿವೃತ್ತಿಯ ದುಡ್ಡು ಹಾಕಿರಬಹುದು. ನಾನು ಬೆಂಚಿನ ಬಗ್ಗೆ ಯೋಚಿಸಿದ್ದು ಟೋಕನ್ ಕೊಟ್ಟ ಮೇಲೆ ತಾನೇ? ಅವರು ಯೋಚಿಸಿದ್ದು ಗೃಹಪ್ರವೇಶ ಆದ ಮೇಲೆ ಇರಬಹುದು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದ ಮೇಲೆ ನಮ್ಮ ಏರಿಯಾದ ಪಾರ್ಕುಗಳನ್ನು ನೋಡಿಕೊಳ್ಳುವ ಕಚೇರಿ ಯಾವುದು ಅಂತ ಹುಡುಕುವುದಕ್ಕೇ ಮೂರು ಸಲ ರಜೆ ಹಾಕಿದೆ. ಆ ನೆಪದಲ್ಲಿ ಇನ್ನಷ್ಟು ದಿನ ತಳ್ಳಬಹುದಿತ್ತು.

ಮೊನ್ನೆ ಸೋಮವಾರ ಕೊಟ್ಟೆ. ನಕ್ಷೆಯ ಪ್ರತಿ ಲಗತ್ತಿಸಿ, ಮೂರು ಖಾಲಿ ಸೈಟುಗಳ ಬಗ್ಗೆ ಮಾತ್ರ ಬರೆದು. ಉಳಿದೆರಡು ಅವರ ಕಣ್ಣಿಗೆ ಬೀಳುವುದಿಲ್ಲ ಅಂತ ನಂಬಿದ್ದೇನೆ ಅಂದುಕೊಳ್ಳಬೇಡಿ, ಬೀಳುತ್ತೆ. ಆದರೂ ಆ ಸಾಲು ಬರೆಯಲು ಕೈ ಬರಲಿಲ್ಲ.

ವಾಪಸ್ ಬರುತ್ತಾ ಆ ಬೀದಿಯಲ್ಲೇ ಬಂದೆ. ಅದೇ ಹುಡುಗ ಬೆಂಚಿನ ಮೇಲೆ ನಿಂತು ಬ್ಯಾಟಿಗೆ ಹಿಡಿ ಸುತ್ತುತ್ತಿದ್ದ. "ಅಂಕಲ್, ಯಾವಾಗ ಕಟ್ತೀರಾ?" ಅಂದ. ಕಟ್ಟಲ್ಲ ಅಂದೆ. "ಹಂಗಾದ್ರೆ ಬೈಕ್ ಆ ಕಡೆ ಹಾಕಿ, ಅಲ್ಲಿ ಫೋರ್ ಹೋಗುತ್ತೆ" ಅಂದ.