ಯಂತ್ರವನ್ನು ಬದಲಿಸುವ ಕಾಲ

ಗಡಿಯ ಈಚೆಗಿರುವ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳು ಓದಿ ಬೆಂಗಳೂರಿಗೋ ಹೈದರಾಬಾದಿಗೋ ಉದ್ಯೋಗವನ್ನರಸಿ ಹೋದ ಮೇಲೆ ಹಿಂದೆ ಉಳಿಯುವವರು ವೃದ್ಧರೇ. ಆ ಮಕ್ಕಳು ಹಬ್ಬಕ್ಕೆ ಬಂದಾಗ ತರುವ ವಸ್ತುಗಳ ಸಾಲಿಗೆ ಈಚೆಗೆ ಹೊಸದೊಂದು ಸೇರಿದೆ. ಸಂಜೆಯಾದೊಡನೆ ಅಂಗಳದ ದೀಪ ಬೆಳಗಿಸುವ, ಮೇಲಿನ ತೊಟ್ಟಿ ತುಂಬಿದೊಡನೆ ಮೋಟಾರನ್ನು ನಿಲ್ಲಿಸುವ, ಬಾಗಿಲು ತೆರೆದುದನ್ನು ದೂರದ ಮಗನ ಫೋನಿಗೆ ತಿಳಿಸುವ ವ್ಯವಸ್ಥೆ ಅದು. ಅನೇಕ ಮನೆಗಳಲ್ಲಿ ಇದನ್ನೆಲ್ಲ ನಡೆಸುವುದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಮತ್ತು ಅದರೊಳಗಿನ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ. ಈ ಕಂಪ್ಯೂಟರು 2012ರಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳ ಕಲಿಕೆಗೆಂದೇ ಹೊರಬಂದದ್ದು ಎಂಬುದು ಉಪಾಧ್ಯಾಯರಾದ ನಮಗೆ ಸಂತೋಷದ ಸಂಗತಿ.

ಹಾಲಹರವಿಯ ನಮ್ಮ ಮನೆಯಲ್ಲಿಯೂ ಅಂಥದೊಂದಿದೆ. 2016ರಲ್ಲಿ ಬಂದ ಮೂರನೆಯ ಮಾದರಿ, ಒಂದು ಜಿಬಿ ಮೆಮೊರಿಯದು. ಕಳೆದ ವರ್ಷ ಅದು ಪದೇ ಪದೇ ನಿಲ್ಲತೊಡಗಿತು. ಎಂಬತ್ತು ದಾಟಿದ ನಮ್ಮ ತಾಯಿಯವರು ಹಗಲೆಲ್ಲ ಒಬ್ಬರೇ ಇರುವ ಮನೆಯಿದು. ರಾತ್ರಿ ಬಚ್ಚಲಿಗೆ ಹೋಗುವಾಗ ದೀಪ ಹತ್ತದಿದ್ದರೆ ಆಗುವ ಅನಾಹುತ ಸಣ್ಣದಲ್ಲ. “ಅಪ್ಪಾ, ಇದು ಹಳೇದಾತು, ಹೊಸದು ತಂದುಬಿಡ್ತೀನಿ” ಎಂದ ಮಗ.

ತರುವುದಕ್ಕೆ ಅಡ್ಡಿಯಿರಲಿಲ್ಲ. ಆದರೆ ನೆಗಡಿ ಬಂದರೆ ಮೂಗು ಕೊಯ್ಯುವುದುಂಟೆ? ದಡ್ಡನೆಂದು ಹಣೆಪಟ್ಟಿ ಕಟ್ಟುವ ಮೊದಲು ಹುಡುಗನಿಗೆ ಹಲಗೆ ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ ಎಂದು ನೋಡಬೇಕೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಅದರಂತೆ ಒಂದು ತಿಂಗಳು ನೋಟುಬುಕ್ಕಿನಲ್ಲಿ ಯಂತ್ರ ನಿಂತ ದಿನ, ಗಳಿಗೆ, ಆಗಿನ ಸ್ಥಿತಿ ಬರೆದಿಟ್ಟೆವು. ಹೆಚ್ಚಿನವೆಲ್ಲ ಕರೆಂಟು ಹೋಗಿ ಬಂದ ಹೊತ್ತಿನವೇ ಆಗಿದ್ದವು.

ಕಾರಣ ಎರಡು. ಈ ಯಂತ್ರಕ್ಕೆ ಐದು ವೋಲ್ಟಿನಲ್ಲಿ ಎರಡೂವರೆ ಆಂಪಿಯರ್ ಕೊಡುವ ಅಡಾಪ್ಟರು ಬೇಕು. ಹಳೆಯ ಫೋನಿನ ಚಾರ್ಜರು ಸಿಕ್ಕಿಸಿದರೆ ಅದು ಅರೆಹೊಟ್ಟೆಯ ಎತ್ತಿನಂತೆ ಮುಗ್ಗರಿಸುತ್ತದೆ. ಎರಡನೆಯದು ನೆನಪಿನ ಕಾರ್ಡು. ಬರೆದು ಅಳಿಸಿ ಬರೆದಂತೆಲ್ಲ ಅದು ಸವೆಯುತ್ತದೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕೆಡುವುದೂ ಉಂಟು. ಸರಿಯಾದ ಅಡಾಪ್ಟರು, ಹೊಸ ಕಾರ್ಡು, ಸಣ್ಣದೊಂದು ಬ್ಯಾಟರಿ ಆಸರೆ, ಇಷ್ಟರಿಂದಲೇ ಯಂತ್ರ ಸುಧಾರಿಸಿತು. ಬೇಸಿಗೆಯಲ್ಲಿ ಅದನ್ನು ಮುಚ್ಚಿದ ಕಪಾಟಿನಿಂದ ಹೊರಗಿಟ್ಟೆವು. ಒಳಬಿಸಿ 80 ಡಿಗ್ರಿ ದಾಟಿದರೆ ಅದು ತಾನಾಗಿಯೇ ವೇಗ ತಗ್ಗಿಸುತ್ತದೆ.

ಹಾಗಾದರೆ ಬದಲಿಸುವ ಕಾಲ ಯಾವುದು? ನಮ್ಮ ತಿಳಿವಳಿಕೆಗೆ ಮೂರು ಲಕ್ಷಣಗಳಿವೆ. ಈ ಸಣ್ಣ ದೋಷಗಳನ್ನೆಲ್ಲ ತಿದ್ದಿದ ಮೇಲೂ ದೀಪದ ಆಜ್ಞೆಗೆ ಯಂತ್ರ ತಡಮಾಡುತ್ತ ಮೆಮೊರಿ ಸದಾ ತುಂಬಿಯೇ ಇದ್ದರೆ, ಅದು ಒಂದು. ಕ್ಯಾಮರಾದಲ್ಲಿ ಕಂಡದ್ದು ಮನುಷ್ಯನೋ ದನವೋ ಎಂದು ಗುರುತಿಸುವಂಥ ಭಾರದ ಕೆಲಸ ಹೊರಿಸಬೇಕಾದರೆ, ಅದು ಎರಡು. ತಂತ್ರಾಂಶ ಮಾಡುವವರೇ ಆ ಯಂತ್ರವನ್ನು ಕೈಬಿಟ್ಟರೆ, ಅದು ಮೂರು. ಹೋಮ್ ಅಸಿಸ್ಟೆಂಟಿನವರು 2025ರ ಕೊನೆಗೆ 32 ಬಿಟ್ ವ್ಯವಸ್ಥೆಗಳಿಗೆ ಆಸರೆ ನಿಲ್ಲಿಸಿದರು. ಸುರಕ್ಷತೆಯ ತಿದ್ದುಪಡಿ ಬಾರದ ಯಂತ್ರವನ್ನು ಮನೆಯ ಬಾಗಿಲು ಕಾಯಲು ಬಿಡುವುದು ವಿವೇಕವಲ್ಲ. ಇಲ್ಲಿಯೂ ವಿಚಾರಿಸಿಯೇ ನಡೆಯಬೇಕು. ನಮ್ಮ ಮೂರನೆಯ ಮಾದರಿ 64 ಬಿಟ್‌ಗೂ ಒಗ್ಗುವಂಥದಾದ್ದರಿಂದ ತಂತ್ರಾಂಶವನ್ನು ಹೊಸದಾಗಿ ಹಾಕಿದಾಗ ಉಳಿದುಕೊಂಡಿತು. ಹೊಸ ಮಾದರಿ ಬಂದಿತೆಂಬುದು ಮಾತ್ರ ಕಾರಣವೇ ಅಲ್ಲ.

ಹಾಗೆಂದು ಮುರಿಯುವವರೆಗೂ ಕಾಯುವುದು ಸಲ್ಲದು. ತುಂಗಭದ್ರೆಯ ಕಾಲುವೆಯ ನೀರುಂಡ ನಮಗೆ ಇದನ್ನು ಬೇರೆಯವರು ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ನಿಂತಿದ್ದಾಗಲೇ, 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ರಭಸದ ನೀರಿನ ನಡುವೆಯೇ ತಾತ್ಕಾಲಿಕ ತಡೆ ಇಳಿಸಬೇಕಾಯಿತು. ಆಮೇಲೆ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. 2025ರ ಮುಂಗಾರಿನಲ್ಲಿ ಜಲಾಶಯವನ್ನು ಪೂರ್ತಿ ತುಂಬಲಾಗಲಿಲ್ಲ. ಸುಮಾರು ಎಪ್ಪತ್ತು ವರ್ಷ ದುಡಿದ ಕಬ್ಬಿಣವನ್ನು ನಾವು ನಿಂದಿಸಲಾರೆವು. ಆದರೆ ಬೆಂಕಿ ಬಿದ್ದಾಗ ಬಾವಿ ತೋಡುವ ಕಷ್ಟವೇನೆಂಬುದು ಗದ್ದೆಯಿದ್ದವರಿಗೆಲ್ಲ ತಿಳಿಯಿತು. ಬದಲಿಸುವುದಾದರೆ ನೀರಿಳಿದಾಗ, ಮಗ ಊರಲ್ಲಿದ್ದಾಗ, ಕೈಯಲ್ಲಿ ಹಣವಿದ್ದಾಗ ಬದಲಿಸಬೇಕು.

ಅದರಿಂದ ಗಡಿಯ ಕುಟುಂಬಗಳ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೆ. ವ್ಯವಸ್ಥೆಯ ಒಂದು ನಕಲನ್ನು ಬೇರೆಡೆ ತೆಗೆದಿಡಲು ಮಕ್ಕಳಿಗೆ ಹೇಳಿರಿ. ಯಂತ್ರ ಕೆಟ್ಟರೂ ಕಲಿತದ್ದು ಅಳಿಯದು. ಯಾವ ತಂತಿ ಎಲ್ಲಿಯದೆಂಬುದನ್ನು ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸಿರಿ. ಎಲ್ಲಕ್ಕಿಂತ ಮೊದಲು, ಗೋಡೆಯ ಸ್ವಿಚ್ಚು ಉಳಿಯಲಿ. ಹಳೆಯದೋ ಹೊಸದೋ ಎಂದು ನಾವೂ ಮಗನೂ ಚರ್ಚಿಸುತ್ತಿದ್ದಾಗ ನಮ್ಮ ತಾಯಿಯವರು ನಡುವೆ ಬಂದು ಹೇಳಿದ್ದು ಇದನ್ನೇ: “ಯಾವುದಾರ ಹಾಕ್ರಪ್ಪ, ನನ್ ಕೈಗೆ ಸಿಗೋ ಬಟನ್ ಮಾತ್ರ ತೆಗೀಬ್ಯಾಡ್ರಿ.” ಯಂತ್ರವನ್ನು ಆರಿಸುವವರು ಮಕ್ಕಳು, ಅದು ಕೈಕೊಟ್ಟ ರಾತ್ರಿಯನ್ನು ಕಳೆಯುವವರು ಹಿರಿಯರು. ಯಾವಾಗ ಬದಲಿಸಬೇಕೆಂದು ನಿರ್ಧರಿಸುವಾಗ ಅವರ ಮಾತಿಗೂ ಬೆಲೆ ಇರಲಿ.