ಕರಗಿಹೋದ ಹಣ

ಹೋದ ಬೇಸಗೆಯ ರಜೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಗನು ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು ಒಂದು ವಿನೋದವಾದ ಸಂಗತಿಯನ್ನು ಹೇಳಿದನು. ಇಂಗ್ಲೆಂಡ್ ದೇಶದಲ್ಲಿ ಕೆಲವರು ಲೋಹಶೋಧಕವೆಂಬ ಯಂತ್ರವನ್ನು ಊರುಗೋಲಿನಂತೆ ಹಿಡಿದು, ಕೊಯ್ಲಾದ ಹೊಲಗಳಲ್ಲಿ ತಮ್ಮ ರಜಾದಿನಗಳನ್ನು ಕಳೆಯುತ್ತಾರಂತೆ. ನೆಲದೊಳಗೆ ಲೋಹವಿದ್ದರೆ ಯಂತ್ರವು ಕೂಗುವುದು. ಅಗೆದರೆ ಒಮ್ಮೆ ಮೊಳೆ, ಒಮ್ಮೆ ಅಂಗಿಯ ಗುಂಡಿ, ಅದೃಷ್ಟವಿದ್ದರೆ ನಾಣ್ಯ. "ತಾತ, ನಮ್ಮ ಕಡೆ ಹೀಗೆ ಹುಡುಕಿದರೆ ಯಾವ ನಾಣ್ಯ ಸಿಕ್ಕೋದು ಬಲು ಅಪರೂಪ?" ಎಂದು ಕೇಳಿದನು.

ನಾನು ಮೊದಲು ಕಾಯಿದೆಯನ್ನು ಹೇಳಿದೆನು. ನೆಲದಲ್ಲಿ ಸಿಕ್ಕ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬ ಕಟ್ಟಳೆ ನಮ್ಮ ದೇಶದಲ್ಲಿ 1878ರಿಂದಲೂ ಇದೆ; ನಮ್ಮ ರಾಜ್ಯವು 1962ರಲ್ಲಿ ತನ್ನದೇ ಆದ ಕಾಯಿದೆಯನ್ನು ಮಾಡಿಕೊಂಡಿತು; ನಂದಿಯ ಭೋಗನಂದೀಶ್ವರನ ಗುಡಿಯಂಥ ಸಂರಕ್ಷಿತ ಸ್ಥಳಗಳಲ್ಲಿ ಮನಬಂದಂತೆ ಅಗೆಯುವ ಹಾಗೆಯೇ ಇಲ್ಲ. ಹುಡುಗನ ಮುಖ ಬಾಡಿತು. ಕಾಯಿದೆಯನ್ನು ಮೊದಲು ಹೇಳುವುದು ನನ್ನ ಹಳೆಯ ದುರಭ್ಯಾಸ. ಅದರಿಂದ ಒಮ್ಮೆ ಆದ ನಷ್ಟವನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿರುವೆನು.

ಅವನ ಪ್ರಶ್ನೆ ಮಾತ್ರ ಒಳ್ಳೆಯದು. ನಮ್ಮ ಜಿಲ್ಲೆಯು 2007ರವರೆಗೆ ಕೋಲಾರಕ್ಕೇ ಸೇರಿದ್ದಿತಷ್ಟೆ. ಆದಕಾರಣ ರೈಸ್ ಸಾಹೇಬರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಲ್ಬರಹಗಳೆಲ್ಲ ಒಟ್ಟಿಗೆ ದೊರೆಯುತ್ತವೆ. ಕನ್ನಡ ನಾಡಿನ ಇಂಥ ದಾನಶಾಸನಗಳನ್ನು ಓದುವವರಿಗೆ ಗದ್ಯಾಣ, ಹೊನ್ನು, ಹಣಗಳ ಮಾತು ಮತ್ತೆ ಮತ್ತೆ ಎದುರಾಗುವುದು. ಕಲ್ಲಿನ ಮೇಲೆ ಅಷ್ಟೊಂದು ಎಣಿಸಿದ ಹೊನ್ನು ಮಣ್ಣಿನಲ್ಲಿ ಏಕೆ ಇಷ್ಟು ಅಪರೂಪ?

ಕಾರಣಗಳು ಹಲವು. ಮೊದಲನೆಯದು ಗಾತ್ರ. ಇಂದು ಧನಕ್ಕೆಲ್ಲ ಹೆಸರಾಗಿರುವ 'ಹಣ'ವು ಹಿಂದೆ ಒಂದು ಪುಟ್ಟ ಚಿನ್ನದ ನಾಣ್ಯ. ತೊಗರಿಬೇಳೆಯಷ್ಟು ಅಗಲ, ಸುಮಾರು ಮೂರು ಗುಲಗಂಜಿಯ ತೂಕ. ಅದರ ಅರ್ಧ ಅಡ್ಡ, ಕಾಲುಭಾಗ ಹಾಗ, ಹದಿನಾರನೆಯ ಒಂದು ಪಾಲು ವೀಸ. ಬೆರಳ ಸಂದಿನಿಂದ ಜಾರಿದರೆ ಅಂಗಳದಲ್ಲಿಯೇ ಸಿಕ್ಕದ ಈ ವಸ್ತು, ಮೊಳದಾಳದ ಮಣ್ಣಿನಲ್ಲಿ ಯಂತ್ರದ ಕಿವಿಗೆ ಬೀಳುವುದು ಕಷ್ಟ. ಎರಡನೆಯದು ಲೋಹದ ಸ್ವಭಾವ. ಶಾತವಾಹನರ ಕಾಲದ ಸೀಸದ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತಿವೆ. ಆದರೆ ಸೀಸವು ತೇವದ ನೆಲದಲ್ಲಿ ಬೂದಿಯಂತಾಗಿ ಉದುರುವುದರಿಂದ, ಉಳಿದುದಕ್ಕಿಂತ ಅಳಿದುದೇ ಹೆಚ್ಚಾಗಿರಬೇಕು. ಗಡಿಗೆಯಲ್ಲಿಟ್ಟು ಹೂಳಿದುದು ಮಾತ್ರ ಒಟ್ಟಾಗಿ ಸಿಕ್ಕುವುದು. ಗೌರಿಬಿದನೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ದಾಟುವ ಯಶವಂತಪುರದಲ್ಲಿ, 1891ರಲ್ಲಿ ರೈಲುಮಾರ್ಗಕ್ಕಾಗಿ ಅಗೆಯುವಾಗ 163 ರೋಮಕ ಬೆಳ್ಳಿಯ ನಾಣ್ಯಗಳು ದೊರೆತುದು ಹೀಗೆಯೇ.

ಇನ್ನು ಎಂದಿಗೂ ಸಿಕ್ಕಲಾರದ ನಾಣ್ಯವೂ ಒಂದುಂಟು. ಮೈಸೂರಿನ ಕಂಠೀರವ ನರಸರಾಜ ಒಡೆಯರು 1645ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಂಕಸಾಲೆಯನ್ನು ಸ್ಥಾಪಿಸಿ ಕಂಠೀರಾಯಿ ಹಣವನ್ನು ಅಚ್ಚುಹಾಕಿಸಿದರು. ಒಂದು ಮುಖದಲ್ಲಿ ನರಸಿಂಹಮೂರ್ತಿ, ಇನ್ನೊಂದರಲ್ಲಿ ಮೂರು ಸಾಲಿನ ನಾಗರಾಕ್ಷರಗಳಲ್ಲಿ ದೊರೆಯ ಹೆಸರು. ಇಂಥ ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹ. ಆದರೆ ಆ ವರಹವು ಲೆಕ್ಕದ ಕಡತದಲ್ಲಿ ಮಾತ್ರ ಇದ್ದಿತು. ಅದನ್ನು ಅಚ್ಚುಹಾಕಲೇ ಇಲ್ಲ. ಇದನ್ನು ಕೇಳಿ ಮೊಮ್ಮಗನು ಬಹಳ ನಕ್ಕನು. ನಾನೂ ನಕ್ಕೆನು. ಆದರೆ ನನ್ನ ಮನಸ್ಸು ಬೇರೊಂದು ಹಣದ ಕಡೆಗೆ ಹೋಗಿದ್ದಿತು.

1988ನೆಯ ಇಸವಿಯ ಮಾತು. ಆಗ ನಾನು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಣ ಒಂದು ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದೆನು. ಬೇಸಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಗಾಡಿಗಳಲ್ಲಿ ತಂದು ಹಿಪ್ಪುನೇರಳೆಯ ತೋಟಕ್ಕೆ ಹರಡುವುದು ಆ ಸೀಮೆಯ ರೂಢಿ. ಒಂದು ಸಂಜೆ ನನ್ನ ತರಗತಿಯ ಹುಡುಗನೊಬ್ಬನು ತನ್ನ ಅಜ್ಜಿಯೊಡನೆ ಮನೆಗೆ ಬಂದನು. ಮುದುಕಿಯು ಸೆರಗಿನ ಗಂಟನ್ನು ಬಿಚ್ಚಿ, ವೀಳೆಯದೆಲೆಯ ಚೂರಿನಲ್ಲಿ ಸುತ್ತಿದ್ದ ಒಂದು ಚಿನ್ನದ ಹಣವನ್ನು ನನ್ನ ಅಂಗೈಯಲ್ಲಿಟ್ಟಳು.

"ಸಾಮಿ, ಗೋಡು ಹರಡೋವಾಗ ಹುಡುಗನ ಕಣ್ಣಿಗೆ ಬಿತ್ತು. ಇದು ದೇವರದಾ, ದೊರೆಗಳದಾ? ನೀವು ಓದಿದೋರು, ನೋಡಿ ಹೇಳಿ."

ಆಕೆ ಕೇಳಿದುದು ತೂಕವನ್ನಲ್ಲ, ಬೆಲೆಯನ್ನಲ್ಲ, ಓದಿ ಹೇಳೆಂದು. ಲಾಂದ್ರದ ಬೆಳಕಿಗೆ ಹಿಡಿದೆನು. ಒಂದು ಕಡೆ ಕುಳಿತ ಆಕೃತಿ. ಇನ್ನೊಂದು ಕಡೆ ನಾಗರಾಕ್ಷರ. ಮೇಲಿನ ಸಾಲಿನ 'ಶ್ರೀ' ಕಾಣಿಸಿತು. ಕೆಳಗಿನ ಸಾಲುಗಳಲ್ಲಿ ಮಣ್ಣು ಕಟ್ಟಿದ್ದಿತು. ನಾಳೆ ಶಾಲೆಯಿಂದ ಭೂತಗನ್ನಡಿಯನ್ನು ತಂದು ಓದಿದರಾಯಿತೆಂದುಕೊಂಡು, ಹಣವನ್ನು ಹಿಂದಕ್ಕೆ ಕೊಟ್ಟು, ನಿಧಿಯ ಕಾಯಿದೆಯನ್ನು ವಿವರಿಸತೊಡಗಿದೆನು. ತಾಲ್ಲೂಕು ಕಚೇರಿಗೆ ತಿಳಿಸಬೇಕೆಂದೆ, ಮುಚ್ಚಿಟ್ಟರೆ ಶಿಕ್ಷೆಯಾಗುವುದೆಂದೆ. ತಿಳಿಸಿದವರಿಗೆ ಪ್ರತಿಫಲವುಂಟೆಂಬುದನ್ನೂ ಹೇಳಿದೆನು; ಆದರೆ ಶಿಕ್ಷೆಯೆಂಬ ಮಾತು ಬಿದ್ದ ಮೇಲೆ ಆಕೆಯ ಕಿವಿಗೆ ಬೇರೇನೂ ಹೋಗಲಿಲ್ಲ. ಹುಡುಗನ ಕೈಹಿಡಿದು, "ಆಗಲಿ ಸಾಮಿ" ಎಂದಷ್ಟೇ ಹೇಳಿ ಹೊರಟುಹೋದಳು.

ಮಾರನೆಯ ದಿನ ಹುಡುಗನು ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಬಂದವನನ್ನು ಕೇಳಿದರೆ, ತಲೆ ತಗ್ಗಿಸಿ, "ಅಕ್ಕನ ತಾಳಿಗೆ ಗುಂಡು ಮಾಡಿಸಿದರು, ಸಾರ್" ಎಂದನು. ಗೋಡುಮಣ್ಣಿನೊಳಗೆ ಎಷ್ಟೋ ಕಾಲ ಕೆಡದೆ ಇದ್ದ ದೊರೆಯ ಹೆಸರು ನಾಲ್ಕು ದಿನಗಳಲ್ಲಿ ಅಕ್ಕಸಾಲಿಗನ ಮೂಸೆಯಲ್ಲಿ ಕರಗಿತ್ತು. ಅದು ಕಂಠೀರಾಯಿ ಹಣವಾಗಿದ್ದಿತೋ, ಪೂರ್ಣಯ್ಯನವರ ಆಡಳಿತದಲ್ಲಿ ಅದರ ಮಾದರಿಯಲ್ಲಿ ಅಚ್ಚಾದ ಗಿಡ್ಡ ಕಂಠೀರಾಯಿಯೋ, ಮತ್ತಾವುದೋ, ಇನ್ನು ಯಾವ ಯಂತ್ರವೂ ಹೇಳಲಾರದು.

ನಾನು ಪಾಠಶಾಲೆಯಲ್ಲಿ ಓದಿದವನು. 'ರೂಪ್ಯ'ವೆಂಬ ಶಬ್ದದ ಸಿದ್ಧಿಗಾಗಿ ಪಾಣಿನಿಯು ಒಂದು ಸೂತ್ರವನ್ನೇ ರಚಿಸಿದ್ದಾನೆ: ರೂಪವನ್ನು ಹೊಡೆದು ಮೂಡಿಸಿದ್ದು ರೂಪ್ಯ. ಎಂದರೆ ನಾಣ್ಯವನ್ನು ನಾಣ್ಯವಾಗಿಸುವುದು ಚಿನ್ನವಲ್ಲ, ಅದರ ಮೇಲಿನ ರೂಪ. ಹೊಯ್ಸಳ ವಿಷ್ಣುವರ್ಧನನ ಗದ್ಯಾಣದ ಮೇಲೆ 'ತಲಕಾಡುಗೊಂಡ'ನೆಂದು ಕನ್ನಡದ ಅಕ್ಷರಗಳಿರುವುದರಿಂದಲೇ ಅದು ಒಂದು ಯುದ್ಧದ ಸಾಕ್ಷಿಯಾಗಿದೆ. ಅಕ್ಷರ ಹೋದರೆ ಉಳಿಯುವುದು ಬಿಲ್ಲೆ ಮಾತ್ರ. ಇದನ್ನೆಲ್ಲ ಬಲ್ಲ ನಾನು, ಆ ಸಂಜೆ ಒಂದು ಹನಿ ನೀರಿನಿಂದ ಮಣ್ಣನ್ನು ತೊಳೆದು, ಮೂರು ಸಾಲನ್ನು ಓದಿ, ಒಂದು ಕಾಗದದ ಮೇಲೆ ಬರೆದುಕೊಳ್ಳಲಿಲ್ಲ. ಮುದುಕಿಯನ್ನು ದೂಷಿಸಲಾರೆನು. ಹೆಣ್ಣುಮಗುವಿನ ಮದುವೆಯನ್ನು ಎದುರಿಗಿಟ್ಟುಕೊಂಡ ಬಡವರಿಗೆ ಚಿನ್ನವು ಚಿನ್ನವೇ. ಹಿಂದಿನ ದೊರೆಯ ಹೊನ್ನನ್ನು ಕರಗಿಸಿ ತಮ್ಮ ಮುದ್ರೆಯನ್ನೊತ್ತಿದ ಅರಸರೂ ಮಾಡಿದ್ದು ಅದನ್ನೇ ಅಲ್ಲವೆ? ಆದುದರಿಂದ ಮೊಮ್ಮಗನ ಪ್ರಶ್ನೆಗೆ ಕೊನೆಗೆ ನಾನು ಕೊಟ್ಟ ಉತ್ತರವಿದು: ನೆಲವು ನುಂಗಿದ ನಾಣ್ಯವನ್ನು ಎಂದಾದರೂ ಹಿಂದಕ್ಕೆ ಕೊಟ್ಟೀತು, ಮೂಸೆಯು ನುಂಗಿದುದು ಬಾರದು.

ವಾಚಕ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಒಂದೇ. ತಮ್ಮ ದೇವರ ಪೆಟ್ಟಿಗೆಯಲ್ಲಿಯೋ ಅಜ್ಜಿಯ ಸಂಚಿಯಲ್ಲಿಯೋ ಹಳೆಯ ಕಾಸೊಂದು ಇದ್ದರೆ, ತೂಗುವುದಕ್ಕೆ ಮೊದಲು ಓದಿರಿ. ಓದಲಾಗದಿದ್ದರೆ ತೆಳುಕಾಗದವನ್ನು ಮೇಲಿಟ್ಟು ಸೀಸದಕಡ್ಡಿಯಿಂದ ಮೆಲ್ಲನೆ ಉಜ್ಜಿ ಅಚ್ಚನ್ನು ತೆಗೆದಿಡಿರಿ. ನೆಲದಲ್ಲಿ ಸಿಕ್ಕಿತೆಂದು ಯಾರಾದರೂ ತಂದು ತೋರಿಸಿದರೆ, ಕಾಯಿದೆಯನ್ನು ಅಗತ್ಯವಾಗಿ ಹೇಳಿರಿ. ಆದರೆ ಪ್ರತಿಫಲವನ್ನು ಮೊದಲು ಹೇಳಿ, ಶಿಕ್ಷೆಯನ್ನು ಆಮೇಲೆ ಹೇಳಿರಿ. ಸಾಧ್ಯವಾದರೆ ತಾವೇ ಅವರೊಡನೆ ಕಚೇರಿಯವರೆಗೆ ಹೋಗಿರಿ.

ಎರಡು ವರ್ಷಗಳ ಕೆಳಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಬಳಿ ಆ ಹುಡುಗನ ಅಕ್ಕ ನನ್ನನ್ನು ಗುರುತಿಸಿ ನಮಸ್ಕರಿಸಿದಳು. ಈಗ ಆಕೆಗೂ ಮೊಮ್ಮಕ್ಕಳು. ಕೊರಳಿನ ಕರಿಮಣಿಯ ನಡುವೆ ಗುಂಡು ಹೊಳೆಯುತ್ತಿದ್ದಿತು. "ಚೆನ್ನಾಗಿದ್ದೀಯಾ, ತಾಯಿ?" ಎಂದು ಕೇಳಿದೆನು. "ನಿಮ್ಮ ಆಶೀರ್ವಾದ, ಸಾಮಿ" ಎಂದಳು. ಮನೆಗೆ ಬಂದು, ನನ್ನ ಹಳೆಯ ದಿನಚರಿಯಲ್ಲಿ ಆ ಸಂಜೆಯ ಪುಟವನ್ನು ತೆರೆದು ನೋಡಿದೆನು. ಅಲ್ಲಿ 'ಶ್ರೀ' ಎಂದು ಬರೆದು ಮುಂದೆ ಎರಡು ಸಾಲಿನ ಸ್ಥಳವನ್ನು ಬಿಟ್ಟಿರುವೆನು.