ಸರದಿಯ ಆಟವೂ ಶ್ರಾವಣದ ಪುರಾಣವೂ

ಧಾರವಾಡದಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಸುಲಭವಾಗಿ ಬಿಡುವುದಿಲ್ಲ. ೨೦೨೫ರ ಆಷಾಢದ ಒಂದು ಶನಿವಾರ ಸಂಜೆ ಅಂಥ ಜಿಟಿಜಿಟಿ ಮಳೆಯಲ್ಲಿಯೇ ನಾವು ನಮ್ಮ ಓಣಿಯ ಮಠದ ಪುರಾಣ ಸಮಿತಿಯ ಸಭೆಯನ್ನು ಮುಗಿಸಿಕೊಂಡು ಮನೆಗೆ ಮರಳಿದೆವು. ಮನಸ್ಸು ಕಹಿಯಾಗಿತ್ತು. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಶ್ರಾವಣ ಮಾಸದುದ್ದಕ್ಕೂ ಆ ಮಠದಲ್ಲಿ ಚಾಮರಸನ ಪ್ರಭುಲಿಂಗಲೀಲೆಯನ್ನು ಹೇಳುತ್ತ ಬಂದವರು ನಾವು. ಇಪ್ಪತ್ತೈದು ಗತಿಗಳ, ೧೧೧೧ ಪದ್ಯಗಳ ಆ ಮಹಾಕಾವ್ಯಕ್ಕೆ ಒಂದು ತಿಂಗಳು ಹೆಚ್ಚಲ್ಲವೆಂಬುದು ನಮ್ಮ ಭಾವನೆ. ಸಮಿತಿಯ ತರುಣರು ಬೇರೆಯೇ ಮಾತೆತ್ತಿದರು. ಪುರಾಣವನ್ನು ಹದಿನೈದು ದಿನಗಳಿಗೆ ಇಳಿಸಬೇಕು, ಷಟ್ಪದಿಯ ಹಾಡಿಕೆಯನ್ನು ಬಿಟ್ಟು ಒಂದು ತಾಸಿನ ಉಪನ್ಯಾಸವನ್ನಷ್ಟೇ ಇಡಬೇಕು, ಹಾಗಾದರೆ ನೌಕರಿಯವರೂ ವಿದ್ಯಾರ್ಥಿಗಳೂ ಬಂದಾರು ಎಂದರು. "ಹಾಗಿದ್ದರೆ ಬೇರೆ ಶಾಸ್ತ್ರಿಗಳನ್ನು ನೋಡಿಕೊಳ್ಳಿರಿ" ಎಂದು ನಾವು ಎದ್ದುಬಂದಿದ್ದೆವು.

ಮನೆಯಲ್ಲಿ ಕಾಲಿಟ್ಟರೆ ಮಹಡಿಯ ಮೇಲೆ ದೊಡ್ಡ ಗದ್ದಲ. ನಮ್ಮ ಮೊಮ್ಮಗನೂ ಅವನ ಮೂವರು ಗೆಳೆಯರೂ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಓದುವವರು. ಶನಿವಾರ ಸಂಜೆ ನಮ್ಮಲ್ಲಿ ಸೇರಿ ವಿಡಿಯೋ ಗೇಮ್ ಆಡುವುದು ಅವರ ರೂಢಿ. ಅಂದಿನ ಧ್ವನಿಗಳನ್ನು ಕೇಳಿ ಹುಡುಗರು ಜಗಳಕ್ಕೆ ಬಿದ್ದರೇನೋ ಎಂದು ಮೇಲೆ ಹೋದೆವು. ಆಟದ ಪರದೆ ನಿಂತಿತ್ತು, ಗಿರಮಿಟ್ಟು ತಟ್ಟೆಯಲ್ಲಿಯೇ ಆರಿಹೋಗಿತ್ತು. ಅವರು ವಾದಿಸುತ್ತಿದ್ದುದು ಜಪಾನಿನ ಒಂದು ಆಟವು ಮುಂದೆ ಯಾವ ದಾರಿ ಹಿಡಿಯಬೇಕು ಎಂಬ ವಿಷಯವನ್ನು ಕುರಿತು. ಅದಕ್ಕಾಗಿ ಇಷ್ಟೊಂದು ಕಾವೇ ಎಂದು ಮೊದಲು ನಗು ಬಂದಿತು. ಕೂತು ಕೇಳಿದ ಮೇಲೆ ನಗು ಉಳಿಯಲಿಲ್ಲ.

ಆ ಆಟದ ಹೆಸರು ಫೈನಲ್ ಫ್ಯಾಂಟಸಿ. ಟೋಕಿಯೋದ ಸ್ಕ್ವೇರ್ ಎಂಬ ಕಂಪನಿಗಾಗಿ ಸಕಾಗುಚಿ ಹಿರೊನೊಬು ಎಂಬುವರು ಇದನ್ನು ೧೯೮೭ರಲ್ಲಿ ಮೊದಲು ರಚಿಸಿದರು. ೨೦೨೩ರ ಜೂನ್ ತಿಂಗಳಲ್ಲಿ ಬಂದುದು ಇದರ ಹದಿನಾರನೆಯ ಭಾಗ. ಇದು ಪಾತ್ರಧಾರಣೆಯ ಆಟ. ಆಡುವವನು ಕಥೆಯೊಳಗಿನ ಒಂದು ಪಾತ್ರವನ್ನು ತಾನೇ ವಹಿಸಿಕೊಂಡು, ಸಂಗಡಿಗರನ್ನು ಕೂಡಿಸಿಕೊಂಡು, ಊರೂರು ಸುತ್ತಿ, ಸೋತು, ಕಲಿತು, ಬಲಿತು ಕೊನೆ ಮುಟ್ಟಬೇಕು. ಪ್ರತಿ ಭಾಗಕ್ಕೂ ಸಾಮಾನ್ಯವಾಗಿ ಹೊಸ ಲೋಕ, ಹೊಸ ಜನ. ಹಿಂದೆ ಹುಬ್ಬಳ್ಳಿಯಲ್ಲಿ ಕ್ಯಾಂಪು ಹಾಕುತ್ತಿದ್ದ ನಾಟಕ ಕಂಪನಿಗಳು ಅದೇ ಹೆಸರಿನಡಿ ಹೊಸ ನಾಟಕ ಕಟ್ಟುತ್ತಿದ್ದವಲ್ಲ, ಹಾಗೆ. ಒಂದು ಭಾಗ ಮುಗಿಯಲು ನಲವತ್ತು ಐವತ್ತು ತಾಸುಗಳಾದರೂ ಬೇಕು. ಇದನ್ನು ಕೇಳಿ ನಾವು ಹುಬ್ಬು ಗಂಟಿಕ್ಕಿದ್ದನ್ನು ಮೊಮ್ಮಗ ಕಂಡನು. "ಅಜ್ಜಾ, ನೀವ ತಿಂಗಳ ಪೂರ್ತಿ ದಿನಾ ಒಂದೂವರಿ ತಾಸು ಪುರಾಣ ಹೇಳತೀರಿ. ಲೆಕ್ಕಾ ಹಾಕ್ರಿ, ನಲವತ್ತೈದು ತಾಸು ಆತು" ಎಂದನು. ಲೆಕ್ಕ ಸರಿಯಾಗಿತ್ತು.

ವಾದದ ಮೂಲ ಇಷ್ಟು. ಮೊದಲಿನ ಭಾಗಗಳಲ್ಲಿ ಕಾಳಗವೆಂದರೆ ಪಗಡಿಯಂತೆ ಸರದಿಯ ಆಟ. ವೈರಿಯ ಸರದಿ ಮುಗಿದ ಬಳಿಕ ನಮ್ಮ ಸರದಿ. ಏನು ಮಾಡಬೇಕೆಂಬುದನ್ನು ಪಟ್ಟಿಯಿಂದ ಆಯ್ದು ಅಪ್ಪಣೆ ಕೊಡಬೇಕು. ೧೯೯೧ರ ನಾಲ್ಕನೆಯ ಭಾಗದಿಂದ ಇದರೊಳಗೊಂದು ಗಡಿಯಾರ ಸೇರಿತು. ಬರಬರುತ್ತ ವೇಗ ಹೆಚ್ಚಿತು. ೨೦೧೬ರ ಹದಿನೈದನೆಯ ಭಾಗದಲ್ಲಿ, ಅದಕ್ಕಿಂತ ಹೆಚ್ಚಾಗಿ ಹದಿನಾರನೆಯದರಲ್ಲಿ, ಸರದಿ ಹೋಗಿ ಕೈಚಳಕ ಬಂದಿತು. ಕತ್ತಿ ಬೀಸಿದ ಕ್ಷಣದಲ್ಲಿಯೇ ಗುಂಡಿ ಒತ್ತಿ ತಪ್ಪಿಸಿಕೊಳ್ಳಬೇಕು. ಹದಿನಾರನೆಯದರ ನಿರ್ಮಾಪಕರಾದ ಯೊಶಿದಾ ನಾವೊಕಿ ಎಂಬುವರು ತಾವು ಸರದಿಯ ಆಟಗಳಲ್ಲಿಯೇ ಬೆಳೆದವರೆಂದೂ, ಪಟ್ಟಿಯಿಂದ ಅಪ್ಪಣೆ ಆಯುವುದರಲ್ಲಿ ಏನು ಸೊಗಸಿದೆಯೆಂದು ಕೇಳುವ ಜನ ಈಗ ಹೆಚ್ಚಾಗಿರುವರೆಂದೂ ಹೇಳಿದ್ದರಂತೆ. ಅಂದಿನಿಂದ ಲೋಕದಾದ್ಯಂತ ಈ ಆಟದ ಅಭಿಮಾನಿಗಳು ಎರಡು ಬಣ. ಒಂದು ಬಣ ಹಳೆಯ ದಾರಿಗೆ ಮರಳಿರಿ ಎನ್ನುತ್ತದೆ. ಇನ್ನೊಂದು ಕಾಲಕ್ಕೆ ತಕ್ಕಂತೆ ನಡೆಯಿರಿ ಎನ್ನುತ್ತದೆ.

ನಮ್ಮ ಮೊಮ್ಮಗ ಹಳೆಯ ಬಣದವನು. ನಮಗೆ ಒಳಗೊಳಗೇ ಹಿಗ್ಗಾಯಿತು. ಅವನು ಆದರ್ಶವೆಂದು ಹಿಡಿದುಕೊಂಡಿದ್ದ ಹತ್ತನೆಯ ಭಾಗ ಬಂದುದು ೨೦೦೧ರಲ್ಲಿ, ಅವನು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು. ತಾನು ಕಾಣದ ಕಾಲದ ಸಂಪ್ರದಾಯವನ್ನು ಕಾಯಲು ನಿಂತ ತರುಣನನ್ನು ಕಂಡು, ಸಮಿತಿಯವರ ಮೇಲಿನ ಸಿಟ್ಟೆಲ್ಲ ಸೇರಿ, "ಸರಿಯಾಗಿ ಹೇಳಿದಿ ತಮ್ಮಾ, ಹಳೇದನ್ನ ಮುಟ್ಟಬಾರದು" ಎಂದುಬಿಟ್ಟೆವು.

ಅವನು ಒಪ್ಪಲಿಲ್ಲ. "ಹಂಗಲ್ಲ ಅಜ್ಜಾ. ಆ ಪಟ್ಟಿ ಇದ್ದರೇನು, ಹೋದರೇನು. ನನಗ ಬೇಕಾದ್ದು ವಿಚಾರ ಮಾಡಾಕ ಸಿಗೋ ಹೊತ್ತು. ಅದು ಉಳದ್ರ ಬಾಕಿ ಏನರ ಬದಲ ಮಾಡ್ಲಿ" ಎಂದನು. ಆಮೇಲೆ ಆ ವರ್ಷದ ಏಪ್ರಿಲ್‌ನಲ್ಲಿ ಫ್ರಾನ್ಸಿನಿಂದ ಬಂದಿದ್ದ ಕ್ಲೇರ್ ಒಬ್ಸ್ಕ್ಯೂರ್ ಎಂಬ ಬೇರೊಂದು ಆಟವನ್ನು ತೋರಿಸಿದನು. ಅದನ್ನು ಕಟ್ಟಿದವರು ಜಪಾನಿನ ಇಂಥ ಹಳೆಯ ಆಟಗಳನ್ನು ಮೆಚ್ಚಿ ಬೆಳೆದವರು. ಅವರು ಸರದಿಯನ್ನು ಉಳಿಸಿಕೊಂಡಿದ್ದರು. ವೈರಿಯ ಸರದಿಯಲ್ಲಿ ಮಾತ್ರ ಸುಮ್ಮನೆ ಕೂಡದೆ, ಸರಿಯಾದ ಕ್ಷಣಕ್ಕೆ ಪೆಟ್ಟನ್ನು ತಡೆಯುವ ಕೈಚಳಕವನ್ನು ಸೇರಿಸಿದ್ದರು. ಎರಡೂ ಬಣದ ಹುಡುಗರು ಅದನ್ನು ಮೆಚ್ಚಿದ್ದರು.

ಇನ್ನೊಬ್ಬ ಹುಡುಗ ಹದಿನಾಲ್ಕನೆಯ ಭಾಗದ ಕಥೆ ಹೇಳಿದನು. ಸಾವಿರಾರು ಜನ ಒಟ್ಟಿಗೆ ಆಡುವ ಆ ಆಟ ೨೦೧೦ರಲ್ಲಿ ಬಂದು ನೆಲಕಚ್ಚಿತು. ಕಂಪನಿಯವರು ಕ್ಷಮೆ ಕೇಳಿದರು. ಅದನ್ನು ಸರಿಪಡಿಸಲು ನೇಮಕಗೊಂಡವರು ಇದೇ ಯೊಶಿದಾ. ಆಡುವವರು ಇನ್ನೂ ಅದರೊಳಗಿರುವಾಗಲೇ ಅವರು ಆ ಲೋಕಕ್ಕೆ ಕಥೆಯಲ್ಲಿಯೇ ಒಂದು ಪ್ರಳಯವನ್ನು ತಂದು ೨೦೧೨ರಲ್ಲಿ ಮುಚ್ಚಿದರು. ೨೦೧೩ರಲ್ಲಿ ಅದೇ ಲೋಕವನ್ನು ಹೊಸದಾಗಿ ಕಟ್ಟಿ ತೆರೆದರು. ಕೆಟ್ಟುದನ್ನು ಉಳಿಸಿಕೊಟ್ಟವನೆಂದು ಕೊಂಡಾಡಿದ ಮನುಷ್ಯನನ್ನೇ, ಹದಿನಾರನೆಯದು ಬಂದಾಗ ಕೆಲವರು ಕೆಡಿಸಿದವನೆಂದು ಬೈದರಂತೆ.

ಅಷ್ಟು ಹೊತ್ತಿಗೆ ಮೊಮ್ಮಗ ನಮ್ಮತ್ತ ತಿರುಗಿ ಕೇಳಿದನು: "ಅಜ್ಜಾ, ನಿಮ್ಮ ಪುರಾಣದಾಗ ಏನ ಹೋದ್ರೂ ಇದೊಂದು ಹೋಗಬಾರದು ಅನ್ನೂದು ಯಾವುದು?"

ನಮಗೆ ಉತ್ತರ ಹೊಳೆಯಲಿಲ್ಲ. ಎಲ್ಲವೂ ಎಂದು ಹೇಳಬಹುದಿತ್ತು. ಅದು ಉತ್ತರವಲ್ಲವೆಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಊಟದ ಹೊತ್ತಾಯಿತೆಂದು ನೆಪ ಹೇಳಿ ಕೆಳಗಿಳಿದೆವು.

ಅಂದು ರಾತ್ರಿ ನಿದ್ರೆ ಬಾರದೆ ನಾವು ಮಠದಲ್ಲಿ ಕಲಿತುದನ್ನೇ ಮನಸ್ಸಿನಲ್ಲಿ ತಿರುವಿ ಹಾಕಿದೆವು. ಚಾಮರಸನು ಹೇಳಿದ್ದು ಮೊದಲಿನ ಕಥೆಯೇ? ಅವನಿಗಿಂತ ಎರಡು ಶತಮಾನದಷ್ಟು ಹಿಂದಿನ ಹರಿಹರನ ರಗಳೆಯಲ್ಲಿ ಅಲ್ಲಮನು ಕಮಲತೆಯೆಂಬವಳನ್ನು ಪ್ರೀತಿಸಿ, ಅವಳು ತೀರಿಕೊಂಡಾಗ ದುಃಖದಿಂದ ಅಲೆದು, ಆಮೇಲೆ ಅನಿಮಿಷನಿಂದ ಲಿಂಗವನ್ನು ಪಡೆದವನು. ಚಾಮರಸನ ಅಲ್ಲಮನೋ ಬನವಸೆಯ ಮಾಯೆಯ ಕೈಗೆ ಸಿಕ್ಕದ ನಿರ್ಲಿಪ್ತ ಮೂರ್ತಿ. ಒಬ್ಬನೇ ಪ್ರಭುವಿನ ಕಥೆಯನ್ನು ಎಷ್ಟು ಧೈರ್ಯದಿಂದ ತಿರುಗಿಸಿದ್ದಾನೆ! ನಾವು ಹಳೆಯದೆಂದು ಕಾಯ್ದುಕೊಂಡು ಬಂದುದು ಒಂದು ಕಾಲಕ್ಕೆ ಹೊಸದಾಗಿತ್ತು.

ಶೂನ್ಯಸಂಪಾದನೆಯ ಸಂಗತಿ ಇನ್ನೂ ಸ್ಪಷ್ಟವಾದುದು. ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಆ ಗ್ರಂಥವನ್ನು ಮೊದಲು ರಚಿಸಿದವರು ಶಿವಗಣಪ್ರಸಾದಿ ಮಹಾದೇವಯ್ಯನವರು. ಸೊನ್ನಲಿಗೆಯ ಸಿದ್ಧರಾಮನಿಗೆ ಅದರಲ್ಲಿ ಇಷ್ಟಲಿಂಗ ದೀಕ್ಷೆಯ ಪ್ರಸಂಗವಿಲ್ಲ. ಇದು ಸಲ್ಲದೆಂದು ವಾದಿಸಿದವರು ಹಲಗೆಯಾರ್ಯರು. ಅವರು ಬರಿದೆ ವಾದಿಸಿ ಸುಮ್ಮನಾಗಲಿಲ್ಲ. ಚೆನ್ನಬಸವಣ್ಣನಿಂದ ಸಿದ್ಧರಾಮನಿಗೆ ದೀಕ್ಷೆಯಾಗುವ ಪ್ರಸಂಗವನ್ನು ಸೇರಿಸಿ ಎರಡನೆಯ ಸಂಪಾದನೆಯನ್ನೇ ಕಟ್ಟಿದರು. ಬಳಿಕ ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರು ಸಿದ್ಧವೀರಣ್ಣೊಡೆಯರು ಮತ್ತೆ ಪರಿಷ್ಕರಿಸಿದರು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ೧೯೬೫ರಿಂದ ೧೯೭೨ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದುದು ಈ ಗೂಳೂರರ ಪಾಠವನ್ನು. ಒಂದೇ ಹೆಸರು, ನಾಲ್ಕು ರೂಪ. ಪ್ರಭುವಿನ ಎದುರಿನಲ್ಲಿ ಪ್ರತಿಯೊಬ್ಬ ಶರಣನೂ ತನ್ನ ಅನುಭಾವವನ್ನು ಒರೆಗೆ ಹಚ್ಚುವ ಆ ಸಂವಾದವನ್ನು ಮಾತ್ರ ನಾಲ್ವರಲ್ಲಿ ಯಾರೂ ಬಿಡಲಿಲ್ಲ. ಮೊದಲಿನವರ ಪ್ರತಿಯನ್ನು ಸುಟ್ಟುಹಾಕಲೂ ಇಲ್ಲ. ಅದಕ್ಕೆಂದೇ ಇಂದು ನಾವು ಎಲ್ಲವನ್ನೂ ಇಟ್ಟು ಹೋಲಿಸಿ ಓದಬಲ್ಲೆವು.

ವಾಚಕರು ತಪ್ಪು ತಿಳಿಯಬಾರದು. ಗ್ರಂಥಕ್ಕೂ ಆಟಕ್ಕೂ ನಾವು ಸಮತ್ವವನ್ನು ಹೇಳುತ್ತಿಲ್ಲ. ಆಟವು ಕಂಪನಿಯ ಸರಕು. ಅದು ಹೇಗಿರಬೇಕೆಂಬುದನ್ನು ಕೊನೆಗೆ ಮಾರಾಟದ ಲೆಕ್ಕವೂ ನಿರ್ಧರಿಸುತ್ತದೆ. ರಾತ್ರಿಯೆಲ್ಲ ಪರದೆಯ ಮುಂದೆ ಕೂತು ಬೆಳಗಿನ ಲಿಂಗಪೂಜೆಯನ್ನೂ ಓದನ್ನೂ ಮರೆಯುವ ಮಕ್ಕಳ ತಾಯಂದಿರ ಸಂಕಟವನ್ನು ನಾವು ಬಲ್ಲೆವು. ಆದರೆ ತಾವು ಕಟ್ಟದ, ತಮ್ಮ ಒಡೆತನದ್ದಲ್ಲದ ಒಂದು ವಸ್ತು ಮುಂದೆ ಏನಾದೀತೆಂದು ಇಷ್ಟು ಕಳವಳಪಡುವವರು ಪ್ರೀತಿಸುವವರೇ ಆಗಿರಬೇಕು. ಕಳವಳ ಪ್ರೀತಿಯ ಗುರುತು. ಇದು ನನ್ನದು, ನಾನು ಕಂಡ ರೂಪದಲ್ಲಿಯೇ ಇರಲಿ ಎಂಬ ಹಟ ಅದೇ ಪ್ರೀತಿಯ ವಿಕಾರ. ಯೊಶಿದಾರನ್ನು ಬೈದವರಲ್ಲಿಯೂ ಆ ಹಟವಿತ್ತು. ಸಮಿತಿಯಿಂದ ಎದ್ದುಬಂದ ನಮ್ಮಲ್ಲಿಯೂ ಅದೇ ಇತ್ತು. ಕಾವಿಯ ನೆರಳಿನಲ್ಲಿ ಬೆಳೆದು ಅರವತ್ತು ದಾಟಿದ ಮೇಲೆ ಇದನ್ನು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ.

ಮೊಮ್ಮಗನ ಪ್ರಶ್ನೆಗೆ ಬೆಳಗಿನ ಜಾವದ ಹೊತ್ತಿಗೆ ಉತ್ತರ ಕಂಡಿತು. ಹಾರ್ಮೋನಿಯಂ ಮೇಲೆ ಷಟ್ಪದಿಯನ್ನು ಹಾಡಿ ನಿಲ್ಲಿಸಿದಾಗ, ನಾವು ಅರ್ಥ ಹೇಳತೊಡಗುವುದಕ್ಕೆ ಮೊದಲು, ಸಭೆಯಲ್ಲಿ ಒಂದು ನಿಶ್ಶಬ್ದ ಇರುತ್ತದೆ. ಕೇಳುವವನು ಪದ್ಯವನ್ನು ತಾನೇ ಒಳಗೆ ಇಳಿಸಿಕೊಳ್ಳುವ ಕ್ಷಣ ಅದು. ಹುಡುಗನು ವಿಚಾರ ಮಾಡಲು ಸಿಗುವ ಹೊತ್ತು ಎಂದುದು ಇದನ್ನೇ ಅಲ್ಲವೆ? ದಿನಗಳ ಎಣಿಕೆ ಹೋಗಬಹುದು. ಹಾಡಿಕೆಯೂ ಆ ಮೌನವೂ ಹೋಗಬಾರದು.

ನಾವಾಗಿಯೇ ಸಮಿತಿಯವರ ಮನೆಗೆ ಹೋದೆವು. ಹದಿನೈದು ದಿನವೆಂಬುದನ್ನು ಒಪ್ಪಿದೆವು, ಒಂದು ತಾಸೆಂಬುದನ್ನೂ ಒಪ್ಪಿದೆವು. ಹಾಡಿಕೆಯನ್ನು ಬಿಡಲಾಗದೆಂದು ಕಾರಣಸಹಿತ ಹೇಳಿದೆವು. ಕಾರಣ ಹೇಳಿದ್ದೇ ಮೊದಲ ಸಲವಾದ್ದರಿಂದಲೋ ಏನೋ, ಅವರು ಮರುಮಾತಿಲ್ಲದೆ ಒಪ್ಪಿದರು.

ಶ್ರಾವಣ ಬಂದಿತು, ಹೋಯಿತು. ಹೊಸಮುಖಗಳು ಕೆಲವು ಕಂಡವು, ನಿರೀಕ್ಷಿಸಿದಷ್ಟಲ್ಲ. ಮೊಮ್ಮಗ ನಾಲ್ಕು ರಾತ್ರಿ ಬಂದು ಬಾಗಿಲ ಬಳಿ ನಿಂತು ಕೇಳಿದನು. ಮಂಗಲದ ದಿನ ವಯಸ್ಸಾದ ತಾಯಿಯೊಬ್ಬರು ಹತ್ತಿರ ಬಂದು, "ಶಾಸ್ತ್ರಿಗಳ, ಅಕ್ಕನ ಕಥಿ ಒಂದ ರಾತ್ರಿಗೆ ಮುಗಿಸಿಬಿಟ್ರಲ್ರಿ" ಎಂದರು. ಮೊದಲು ಅದಕ್ಕೆ ಮೂರು ರಾತ್ರಿ ಕೊಡುತ್ತಿದ್ದೆವು. ಆ ಮಾತು ನಾಟಿತು, ಏಕೆಂದರೆ ಅದು ನಿಜವಾಗಿತ್ತು. ಹೊಸದನ್ನು ಕಟ್ಟುವಾಗ ಹಳೆಯ ಪ್ರತಿಯನ್ನು ಕಳೆಯಬಾರದೆಂಬ ಪಾಠವನ್ನು ನಾವೇ ಮರೆತಿದ್ದೆವು. ಅಂದಿನಿಂದ ಪ್ರತಿ ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಪ್ರಭುಲಿಂಗಲೀಲೆಯನ್ನು ಒಂದು ಪದ್ಯವನ್ನೂ ಬಿಡದೆ ಹೇಳುತ್ತಿದ್ದೇವೆ. ಏಳೆಂಟು ತಾಯಂದಿರು ಬರುತ್ತಾರೆ. ಅವಸರವಿಲ್ಲ.

ಡಿಸೆಂಬರಿನಲ್ಲಿ ಮೊಮ್ಮಗ ಓಡಿಬಂದು, ಆ ಫ್ರೆಂಚ್ ಆಟಕ್ಕೆ ಅಮೆರಿಕೆಯಲ್ಲಿ ವರ್ಷದ ಶ್ರೇಷ್ಠ ಆಟವೆಂಬ ಪ್ರಶಸ್ತಿ ಬಂದಿತೆಂದು ಹೇಳಿದನು. ಅದು ಅವನ ಪ್ರೀತಿಯ ಫೈನಲ್ ಫ್ಯಾಂಟಸಿಯಲ್ಲ, ಆದರೂ ಅದರ ಮನೆಯಲ್ಲಿಯೇ ಗೆದ್ದಷ್ಟು ಸಂತೋಷ ಅವನಿಗೆ. ಹದಿನೇಳನೆಯ ಭಾಗ ಹೇಗಿರಬೇಕೆಂಬ ವಾದ ಮಾತ್ರ ಅವರಲ್ಲಿ ಮುಗಿದಿಲ್ಲ. ಶನಿವಾರ ಮಹಡಿಯ ಮೇಲೆ ಧ್ವನಿ ಏರಿದಾಗ ನಾವೀಗ ಗದರುವುದಿಲ್ಲ. ಮುಂದಿನ ಶ್ರಾವಣಕ್ಕೆ ಅಕ್ಕನ ಕಥೆಗೆ ಎಷ್ಟು ರಾತ್ರಿ ಕೊಡಬೇಕೆಂದು ಸಮಿತಿಯಲ್ಲಿ ನಮ್ಮ ವಾದವೂ ನಡೆದೇ ಇದೆ.